ಮಿತಿ ಹಾಕಿಕೊಂಡ ಶನಿವಾರ

ಡಾನ್‌ಕಾಸ್ಟರ್, ನವೆಂಬರ್ 14

ಇವತ್ತು ಫೋನ್ ರಿಂಗಾಯಿತು. ನಾನು ಕುದುರೆಗೆ ದುಡ್ಡು ಕಟ್ಟುವ ಆನ್‌ಲೈನ್ ಬೆಟ್ಟಿಂಗ್ ಕಂಪನಿಯ ಹುಡುಗಿ, ಟಾನ್ಯಾ ಅಂತೆ.

"ಸರ್, ಈ ವಾರ ದಿನಾ ಆರಾರು ಗಂಟೆ ನಮ್ ಸೈಟಲ್ಲೇ ಇದ್ರಿ. ಹುಷಾರಾಗಿದ್ದೀರಾ ತಾನೆ?"

ಹೆಂಡತಿ ಗ್ಲೆನಿಸ್ ತೀರಿಕೊಂಡ ಮೇಲೆ ಹಾಗೆ ಕೇಳಿದವರೇ ಇಲ್ಲ. "ಲೈಸೆನ್ಸ್ ಇಲ್ದೋರ ಹತ್ರ ಕಟ್ಬೇಡ ಕಣಯ್ಯ, ಗೆದ್ರೂ ಕೈಗೆ ಬರಲ್ಲ" ಎಂದು ಮದುವೆಯಾದ ಹೊಸದರಲ್ಲೇ ಹೇಳಿದ್ದಳು. ಅದಕ್ಕೇ ಸರ್ಕಾರದ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಿಯೇ ಇವರನ್ನು ಆರಿಸಿದ್ದೆ. ಲೈಸೆನ್ಸ್ ಇದ್ದವರು ಹೀಗೆ ವಿಚಾರಿಸಲೇಬೇಕಂತೆ.

ನಾನು ಕಟ್ಟುವುದು ಶನಿವಾರಕ್ಕೊಂದು ಪೌಂಡ್. ಉಳಿದ ಹೊತ್ತು ಕುದುರೆಗಳ ಹೆಸರು ಓದುತ್ತೇನೆ, ಗ್ಲೆನಿಸ್‌ಗೆ ಓದಿ ಹೇಳುತ್ತಿದ್ದ ಹಾಗೆಯೇ, ಜೋರಾಗಿ. ಅದನ್ನು ಟಾನ್ಯಾಗೆ ಹೇಳಲಿಲ್ಲ. ಚಳಿ, ಮೊಣಕಾಲು ನೋವು ಅಂತ ಏನೇನೋ ಹರಟಿದೆ. ಅವಳೂ ಅವಸರ ಮಾಡಲಿಲ್ಲ.

"ದಿನಕ್ಕೊಂದು ಗಂಟೆ ಅಂತ ಮಿತಿ ಹಾಕ್ಕೊಳ್ಳಿ ಸರ್. ಆಮೇಲೆ ನಾವು ಫೋನ್ ಮಾಡಿ ಕಾಟ ಕೊಡಲ್ಲ."

ಹಾಕದಿದ್ದರೆ? ಸಂಜೆಯೆಲ್ಲ ಅದೇ ತಲೆಯಲ್ಲಿ. ಐವತ್ತು ಪೌಂಡ್ ಕಟ್ಟಿಬಿಟ್ಟರೆ ನಾಳೆಯೇ ಫೋನ್ ಮಾಡಿಯಾಳು ಎಂದೂ ಅನ್ನಿಸಿತು. ಛೀ! ಗ್ಲೆನಿಸ್ ಇದ್ದಿದ್ದರೆ ಮುಖಕ್ಕೆ ಉಗಿಯುತ್ತಿದ್ದಳು.

ಊಟವಾದ ಮೇಲೆ ಮಿತಿ ಹಾಕಿದೆ. ಫೋನನ್ನು ಮಾತ್ರ ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ.