ಒರೆಸಿದರೆ ಹೋಗುವ ಮಾತು

ಮಾರ್ಚ್ ೪, ಬೆಳಿಗ್ಗೆ

ಫ್ರಿಜ್ ಬಾಗಿಲಿಗೆ: ‘ಹಾಲು ಕಾಯಿಸಿದೆ.’ ಕನ್ನಡಿಗೆ: ‘ಗುಬ್ಬಿಯನ್ನು ಇವತ್ತು ಶಿಶುವಿಹಾರದಿಂದ ನೀವೇ ಕರೆತನ್ನಿ.’ ಗಂಟಲಿನ ಆಪರೇಷನ್ ಆದಮೇಲೆ ಸ್ವರವಿಲ್ಲ. ಪಿಸುಮಾತೂ ಹೊರಡುವುದಿಲ್ಲ. ಬೋರ್ಡ್ ಮಾರ್ಕರ್ ಒಂದೇ ಗತಿ. ಬರೆ, ಒರೆಸು, ಬರೆ. ಇವರು ಓದಿ ನಕ್ಕರು. “ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ಮಾತೇ ಇಲ್ದಿದ್ರೂ ಜಗಳ ಇಲ್ಲ ನೋಡು.” ನಗಿಸಲು ಹೇಳಿದ್ದು. ನಗು ಬರಲಿಲ್ಲ.

ಮಾರ್ಚ್ ೫

ಲ್ಯಾಬ್‌ನಲ್ಲಿ ನನ್ನ ಕೆಲಸ, ರಕ್ತಪರೀಕ್ಷೆಗೆ ಬಂದವರ ಹೆಸರು ಕೂಗುವುದು. ಈಗ ಸ್ಟೀಲ್ ಟ್ರೇ ಮೇಲೆ ಬರೆದು ಎತ್ತಿ ಹಿಡಿಯುತ್ತೇನೆ. ಒಬ್ಬ ಅಜ್ಜ ಕಣ್ಣು ಕಿರಿದು ಮಾಡಿದರು. “ಕನ್ನಡಕ ತಂದಿಲ್ಲಮ್ಮ. ಬಾಯ್ಬಿಟ್ಟು ಹೇಳಬಾರ್ದಾ?” ಗಂಟಲಿನ ಗಾಯ ತೋರಿಸಿದೆ. ಪಾಪ, ಕೈಮುಗಿದರು. ಬೈದಿದ್ದರೇ ವಾಸಿಯಿತ್ತು.

ಮ್ಯಾನೇಜರ್ ಕರೆದು, “ತಿಂಗಳ ಕೊನೇವರೆಗೂ ನೋಡೋಣ” ಎಂದರು. ಆಮೇಲೆ?

ಮಾರ್ಚ್ ೧೧

ಗುಬ್ಬಿಗೆ ನಾಲ್ಕು ವರ್ಷ. ಮಗಳಿಗೆ ಇನ್ನೂ ಅಕ್ಷರ ಬಾರದು. ಅದಕ್ಕೇ ಎಲ್ಲ ಚಿತ್ರ. ಪಿಂಗಾಣಿ ತಟ್ಟೆಯಲ್ಲಿ ಕರಡಿ, ಪಕ್ಕದಲ್ಲಿ ನದಿ — ಅದೇ ಕಥೆ. ಇವತ್ತು ತಟ್ಟೆ ತಳ್ಳಿದಳು. “ಬೇಡ. ಅತ್ತೆ ಕರಡಿ ಥರ ಗುರ್ ಅಂತಾಳೆ. ನೀನು ಅನ್ನಲ್ಲ.” ಹೋಗಿ ನಾದಿನಿಯ ತೊಡೆಯೇರಿದಳು.

ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರಂತೆ. ನಾನು...

ಮಾರ್ಚ್ ೧೯, ಮಧ್ಯಾಹ್ನ



ಮನೆಯಲ್ಲಿ ನಾವಿಬ್ಬರೇ. ಗುಬ್ಬಿ ಸ್ನಾನದ ಮನೆಯ ಬೋಲ್ಟ್ ಒಳಗಿಂದ ಹಾಕಿಕೊಂಡಳು. ತೆಗೆಯಲು ಬರಲಿಲ್ಲ. ಬಿಸಿನೀರಿನ ನಲ್ಲಿಯನ್ನೂ ತಿರುಗಿಸಿದ್ದಾಳೆ. “ಅಮ್ಮಾ, ಕಾಲು ಸುಡ್ತಿದೆ! ಅಮ್ಮಾ, ಇದೀಯಾ?” ಬಾಗಿಲು ಬಡಿದೆ. ಬಡಿದಷ್ಟೂ ಹೆದರಿದಳು. “ಯಾರದು? ಅಮ್ಮ ಎಲ್ಲಿ?” ಇದ್ದೇನೆ ಮಗಳೇ ಎನ್ನಲು ಬಾಯಿ ತೆರೆದೆ. ಬರೀ ಗಾಳಿ.

ಹೊರಗೆ ಓಡಿದೆ. ಬಾಗಿಲಿಗೆ ಎದುರು ಗೋಡೆಯಲ್ಲಿ ಸ್ನಾನದ ಮನೆಯ ಕಿಟಕಿ. ಕಂಬಿಗಳ ನಡುವೆ ಕೈ ತೂರಿಸಿ ಗಾಜಿನ ಮೇಲೆ ಬೋಲ್ಟ್ ಬರೆದೆ, ಬಾಣ ಬರೆದೆ. ನನ್ನ ಮುಖ ಕಂಡಳು. ಬಾಗಿಲಿಗೆ ಹೋಗಿ ಬೋಲ್ಟ್ ಎಳೆದಳು. “ಬರ್ತಿಲ್ಲಾ!” ಆಗ ಹೊಳೆಯಿತು — ಗಾಜಿನಾಚೆ ನನ್ನ ಬಲ ಅವಳಿಗೆ ಎಡ. ಅಂಗೈಯಿಂದ ಒರೆಸಿದೆ. ಬಾಣ ತಿರುಗಿಸಿದೆ. ತೋರಿಸಿದೆ, ಮತ್ತೆ ತೋರಿಸಿದೆ... ಟಕ್.

ಪಾದ ಕೆಂಪಾಗಿದೆ, ಬೊಬ್ಬೆ ಎದ್ದಿಲ್ಲ. ನನ್ನ ಕೊರಳು ಹಿಡಿದು ಬೈದಳು — “ಯಾಕೆ ಓ ಅನ್ಲಿಲ್ಲ ನೀನು?”

ಮಾರ್ಚ್ ೨೪

ಡಾಕ್ಟರು ಕ್ಯಾಮೆರಾ ಇಳಿಸಿ ನೋಡಿದರು. “ಸ್ವರದ ನರ ಚೇತರಿಸ್ಕೊಳ್ಳೋ ಹಾಗೆ ಕಾಣ್ತಿಲ್ಲ.” ಇವರು ಹೊರಗೆ ಬಂದವರೇ ಗೋಡೆಗೆ ಮುಖ ಮಾಡಿ ನಿಂತರು. ಅವರ ಹೆಲ್ಮೆಟ್ ಗಾಜಿನ ಮೇಲೆ ಬರೆದು ತೋರಿಸಿದೆ: ‘ಮನೆಗೆ ಹೋಗೋಣ.’ ಒರೆಸಲು ಅವರಿಗೆ ಮನಸ್ಸಾಗಲಿಲ್ಲ. ನಾನೇ ಒರೆಸಿದೆ.

ಮಾರ್ಚ್ ೨೭, ಸಂಜೆ

ಗುಬ್ಬಿ ಗೊಂಬೆಯೊಂದಿಗೆ ಮನೆಯಾಟ ಆಡುತ್ತಿದ್ದಳು. ನಾದಿನಿ ಕೇಳಿದಳು, “ನೀನ್ಯಾರೇ?”

“ನಾನು ಅಮ್ಮ.”

“ಹಾಗಾದ್ರೆ ಜೋಗುಳ ಹಾಡು.”

ಗೊಂಬೆಯನ್ನು ಭುಜಕ್ಕೆ ಹಾಕಿಕೊಂಡಳು. ಬಾಯಿ ತೆರೆದಳು, ಮುಚ್ಚಿದಳು, ತೆರೆದಳು. ಸದ್ದಿಲ್ಲ.

“ಹಾಡೇ!”

“ಹಾಡ್ತಿದೀನಲ್ಲಾ ಅತ್ತೆ.”

ನಾದಿನಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಎದ್ದುಹೋದಳು. ನಾನು ಗುಬ್ಬಿಯ ಪಕ್ಕ ಕುಳಿತೆ. ಅವಳು ಗೊಂಬೆಯನ್ನು ನನ್ನ ಭುಜಕ್ಕೆ ಹಾಕಿ, ಈಗ ನಿನ್ನ ಸರದಿ ಎಂಬಂತೆ ನೋಡಿದಳು. ಬಾಯಿ ತೆರೆದೆ. ಅವಳು ಕಿವಿ ಹತ್ತಿರ ತಂದು, ಕೇಳುತ್ತಾ ಕಣ್ಣು ಮುಚ್ಚಿದಳು.