ಹಾಯುವ ಎತ್ತಿನ ಪ್ರಬಂಧ

ಡಿಸೆಂಬರ್ ೧೪, ಭಾನುವಾರ. ಮಾನ್ವಿ

ಗಿರಾಕಿ ಕೇಳದ ದೋಷವನ್ನು ಹೇಳದಿದ್ದರೆ ಅದು ಸುಳ್ಳೇ? ದೇವದುರ್ಗದ ಸಾಹಿತ್ಯ ಸಂಘದವರು ಪ್ರಬಂಧ ಸ್ಪರ್ಧೆಗೆ ಕೊಟ್ಟ ವಿಷಯವಿದು. ಟವೆಲ್ಲಿನಡಿ ಬೆರಳು ಹಿಡಿದು ಗುಟ್ಟಾಗಿ ಬೆಲೆ ಕುದುರಿಸುತ್ತ ಮೂವತ್ತು ವರ್ಷ ಎತ್ತು ಮಾರಿಸಿದ ದಲ್ಲಾಳಿ ನಾನು. ಸುಳ್ಳಲ್ಲವೆಂದು ನಾಲ್ಕು ಪುಟ ವಾದಿಸಿದ್ದೆ. ಇವತ್ತು ಮಗಳು ಉಮಾಶ್ರೀ ಓದಿದಳು.

"ವಾದ ಭಾರಿ ಅದ ಯಪ್ಪಾ. ಹಿರೇಕೊಟ್ನೆಕಲ್ ಹಂಪಣ್ಣಗ ಕೊಂಬಿಲೆ ಹಾಯೋ ಎತ್ತು ಕೊಡಿಸಿದ್ಯಲ್ಲ, ಅದು ಇದರಾಗ ಎಲ್ಲಿ ಅದ?"

"ಅವ ಕೇಳಲೇ ಇಲ್ಲವ್ವಾ."

"ಹಾಯ್ತದಂತ ಗೊತ್ತಿದ್ರಲ್ಲ ಕೇಳೋದು?"

ನಾಲ್ಕೂ ಪುಟ ಹರಿದು, ಆ ಎತ್ತಿನಿಂದಲೇ ಶುರು ಮಾಡಿದೆ. "ಹೌದು, ಅದು ಸುಳ್ಳು, ಹೇಳಿದವನು ನಾನು" ಎಂದು ಬರೆದು ಪೂರ್ತಿ ಹೆಸರು ಹಾಕಿದೆ. ಅಚ್ಚಾದರೆ ಸಂತೆಯಲ್ಲಿ ಅರ್ಧ ಗಿರಾಕಿಗಳು ಹೋಗುತ್ತಾರೆ. ಹೋಗಲಿ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು ಬರೆದ ವಾಕ್ಯ. ಉಮಾಶ್ರೀ ತಪ್ಪು ತಿದ್ದಲು ಪೆನ್ನು ಹಿಡಿದೇ ಓದಿದಳು, ಒಂದಕ್ಷರವನ್ನೂ ಮುಟ್ಟಲಿಲ್ಲ.