ಚೀಲದ ತಳದ ಕಾಳು

ಅಣ್ಣಿಗೇರಿ
16 ಫೆಬ್ರುವರಿ 2025

ಪ್ರೀತಿಯ ತಂಗಿ ಅಮೃತಾಳಿಗೆ ಅಣ್ಣ ಸಂಗನಬಸವನ ಆಶೀರ್ವಾದಗಳು.

ನಾವೆಲ್ಲ ಆರಾಮ ಇದ್ದೇವೆ. ನಿನ್ನ ವೈನಿ ನಂದಾ, ನೀನು ಹೊಲಿದು ಕಳಿಸಿದ ಜಂಪರು ಅಗದಿ ಬರೋಬ್ಬರಿ ಕೂತಿದೆ ಎಂದು ಓಣಿಗೆಲ್ಲ ತೋರಿಸಿ ಬಂದಳು. ಹಣ ಹಾಕಲೇ ಎಂದು ಕೇಳಿ ನೀನು ಮ್ಯೂಚುವಲ್ ಫಂಡಿನ ಕಾಗದ ಕಳಿಸಿ ಇಪ್ಪತ್ತು ದಿನವಾಯಿತು, ತಡವಾಗಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಪೇಟೆಗೆ ಹೊಸ ಕಡಲೆ ಬರುತ್ತಿದೆ, ಪುರುಸೊತ್ತಿಲ್ಲ ಎಂಬುದು ಅರ್ಧ ನಿಜ. ಉಳಿದರ್ಧ ಕೊನೆಗೆ ಹೇಳುತ್ತೇನೆ.

ನಾನು ಕಾಳು ನೋಡುವವನು, ಶೇರು ನೋಡುವವನಲ್ಲ. ಆದರೂ ಮಾಲು ಮಾಲೇ. ರೈತನಾಗಲಿ ದಲಾಲಿಯಾಗಲಿ, ಚೀಲದ ಬಾಯಲ್ಲಿ ಚೊಕ್ಕ ಕಾಳು ಇಡುವುದು ಎಲ್ಲರ ಪದ್ಧತಿ. ಅದಕ್ಕೇ ನಾವು ಕೊಳವೆ ಚುಚ್ಚಿ ನಡುವಿನದನ್ನೂ ತಳದ್ದನ್ನೂ ತೆಗೆದು ಅಂಗೈಯಲ್ಲಿ ಹರಡುತ್ತೇವೆ. ಈ ಫಂಡಿನ ಚೀಲದ ಬಾಯಲ್ಲಿರುವುದು ಒಂದೇ ವರ್ಷದ ಲಾಭ, ಶೇಕಡಾ ಇಪ್ಪತ್ತೆಂಟು, ದಪ್ಪ ಅಕ್ಷರದಲ್ಲಿ. ತಳಕ್ಕೆ ಚುಚ್ಚಿದರೆ ಹತ್ತು ವರ್ಷದ ಸರಾಸರಿ ಹನ್ನೊಂದೂವರೆ. ಇದು ಹಣ ಹಾಕುವುದು ದೇಶದ ದೊಡ್ಡ ದೊಡ್ಡ ಕಂಪನಿಗಳಲ್ಲಿ. ಅಂಥವೇ ನೂರು ಕಂಪನಿಗಳ ಸೂಚ್ಯಂಕ ಅದೇ ಹತ್ತು ವರ್ಷದಲ್ಲಿ ಹನ್ನೆರಡರ ಮೇಲೆ ಕೊಟ್ಟಿದೆ. ಅಂದರೆ ಕಂಪನಿ ಆರಿಸುವವನಿಗೆ ವರ್ಷವರ್ಷ ಕೂಲಿ ಕೊಟ್ಟು, ಆರಿಸದೇ ಸಿಗುವುದಕ್ಕಿಂತ ಕಡಿಮೆ ಪಡೆದಂತಾಯಿತು. ಕೊರೋನಾ ಬಂದಾಗ ಮೂರರಲ್ಲೊಂದು ಪಾಲು ಕರಗಿ, ಮೇಲೇಳಲು ಹಲವು ತಿಂಗಳು ಹಿಡಿಯಿತು. ಕಾಗದದಲ್ಲಿ ಬರೆದ ‘ಗ್ರೋಥ್’ ಎಂದರೆ ಲಾಭ ಒಳಗೇ ಬೆಳೆಯುತ್ತದೆ, ನೀನಾಗಿ ತೆಗೆಯುವ ತನಕ ಒಂದು ರೂಪಾಯಿಯೂ ಕೈಗೆ ಬರುವುದಿಲ್ಲ. ಹೊಲಸು ಮಾಲಲ್ಲ. ನಡುತರದ್ದು, ಮೇಲೆ ಮಾತ್ರ ಜರಡಿ ಹಿಡಿದದ್ದು.

ಆ ಕಾಗದ ಕೊಟ್ಟ ಏಜೆಂಟ್ ಆಸೀಫ್‌ನನ್ನೂ ಕರೆಸಿ ಮಾತಾಡಿದೆ. ಹುಡುಗ ಸುಳ್ಳಾಡಲಿಲ್ಲ. ಏಳೆಂಟು ವರ್ಷ ಮುಟ್ಟದವರಿಗೆ ಮಾತ್ರ ಇದು ಎಂದ. ನೀನು ಹದಿನೈದು ವರ್ಷ ಮಷಿನ್ ತುಳಿದು ಕೂಡಿಸಿದ ನಾಲ್ಕು ಲಕ್ಷವನ್ನೂ ಹಾಕುತ್ತಿರುವುದೇಕೆ ಎಂದು ಅವನು ನಿನ್ನನ್ನೇ ಕೇಳಿದ್ದನಂತೆ. ನೀನು ಹೇಳಿದ್ದನ್ನು ನನಗೆ ಹಾಗೆಯೇ ಒಪ್ಪಿಸಿದ: “ಮುಳುಗಿದ್ರ ಮುಳುಗ್ಲಿ ಬಿಡ್ರಿ, ಊರಾಗ ನನ್ನ ಪಾಲಿನ ಹೊಲ ಐತಲ್ಲ, ಅಂದ್ರು ಅಕ್ಕಾರು. ಅಂಥಾ ಆಧಾರ ಇದ್ದವ್ರು ಹಾಕಬಹುದ್ರಿ.” ನಾನು ಅವನಿಗೆ ಚಹಾ ಕುಡಿಸಿ ಕಳಿಸಿದೆ.

ನನ್ನ ತೀರ್ಪು ಇಷ್ಟು. ಒಂದು ಲಕ್ಷಕ್ಕಿಂತ ಹೆಚ್ಚು ಹಾಕಬೇಡ. ಅದನ್ನೂ ಸೂಚ್ಯಂಕದ ಫಂಡಿಗೆ, ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಹಾಕು. ಉಳಿದ ಮೂರು ಲಕ್ಷ ಅಂಚೆ ಕಚೇರಿಯಲ್ಲಿರಲಿ. ಓದದೇ ಯಾವ ಕಾಗದಕ್ಕೂ ಸಹಿ ಮಾಡಬೇಡ, ಅದನ್ನು ಯಾರೇ ತಂದು ಕೊಟ್ಟಿರಲಿ.

ಬಸವಣ್ಣ ನಿನ್ನ ಕೈಗೆ ಕಸುವು ಕೊಡಲಿ, ಕಣ್ಣು ಮಂಜಾಗದಿರಲಿ.

ನಿನ್ನ ಅಣ್ಣ,
ಸಂಗನಬಸವ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಅಪ್ಪ ತೀರಿದ ವರ್ಷ, ಹೊಲದ ಉತಾರದಲ್ಲಿ ನಮ್ಮಿಬ್ಬರ ಹೆಸರು ಏರಿಸಬೇಕೆಂದು ಹೇಳಿ ನಿನ್ನನ್ನು ನೋಂದಣಿ ಕಚೇರಿಗೆ ಕರೆದುಕೊಂಡು ಹೋಗಿದ್ದೆ. ಏನು ಬರೆದಿದೆ ಎಂದು ನೀನು ಕೇಳಲಿಲ್ಲ. “ನೀ ನೋಡೀಯಲ್ಲ ಅಣ್ಣಾ, ನನಗಷ್ಟ ಸಾಕು” ಎಂದು ಸಹಿ ಮಾಡಿದೆ. ಅದು ನಿನ್ನ ಪಾಲಿನ ಹಕ್ಕು ಬಿಟ್ಟುಕೊಟ್ಟ ಪತ್ರ. ಅಂದು ಸಂಜೆ ನಂದಾ ಇಳಕಲ್ ಸೀರೆ ಇಟ್ಟು ನಿನಗೆ ಉಡಿ ತುಂಬಿದಳು. ತವರು ನನ್ನ ಮರೆತಿಲ್ಲ ಎಂದು ನೀನು ಅತ್ತೆ. ನಾನು ಹಿತ್ತಲಿಗೆ ಎದ್ದು ಹೋದೆ. ಮೂರು ವರ್ಷದ ಹಿಂದೆ ಆ ಹೊಲ ಮಾರಿ ಇಲ್ಲಿ ಗೋದಾಮು ಕಟ್ಟಿಸಿದೆ. ನಾಚಿಕೆಯಾಗುತ್ತದೆ, ಅಮೃತಾ. ಕ್ಷಮಿಸು ಎನ್ನುವ ಮುಖ ನನಗಿಲ್ಲ.

ಆ ಪತ್ರದ ನಕಲು ಇದರ ಜೊತೆಗಿದೆ. ಫಂಡಿನ ಕಾಗದಕ್ಕಿಂತ ಮೊದಲು ಅದನ್ನು ಓದು. ನಿನಗೆ ಊರಲ್ಲಿ ಹೊಲವಿಲ್ಲ. ಆ ನಾಲ್ಕು ಲಕ್ಷವೇ ಇರುವುದು.